ಉಂಡೆಯೊಳಗಿನ ಬಿಳಿ ಕೂದಲು

ಮರದ ಹೊಟ್ಟು, ಮುಗ್ಗಲು ಹಿಡಿದ ಕಾಳು, ಅದರ ಮೇಲೆ ಇಲಿಯ ಉಚ್ಚೆ… ಈ ಮೂರೂ ಬೆರೆತ ವಾಸನೆ ಕಳೆದ ವಾರ ವಿಜಯನಗರದ ಒಂದು ಸಾಕುಪ್ರಾಣಿ ಅಂಗಡಿಯ ಬಾಗಿಲಲ್ಲೇ ನನ್ನ ಮೂಗಿಗೆ ಬಡಿಯಿತು. ಮಗಳ ಮೀನುಗಳಿಗೆ ಆಹಾರ ತರಲು ಹೋಗಿದ್ದೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಹತ್ತಿಪ್ಪತ್ತು ಬಿಳಿ ಇಲಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. "ಬೇಕಾ ಸಾರ್? ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ" ಎಂದ ಅಂಗಡಿಯವನು. ಏನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ. ಮಗಳು ಕೇಳಿದಾಗ ಸ್ಟಾಕ್ ಇಲ್ಲವಂತೆ ಎಂದು ಸುಳ್ಳು ಹೇಳಿದೆ. ಸುಳ್ಳು ನನಗೆ ಸಲೀಸಾಗಿ ಬರುತ್ತದೆ. ಆ ವಾಸನೆ ಯಾರನ್ನು ನೆನಪಿಗೆ ತಂದಿತೋ ಅವರಿಗೂ ನಾನು ಕೊಟ್ಟದ್ದು ಸುಳ್ಳನ್ನೇ.

ನಮ್ಮ ರಸ್ತೆಯಲ್ಲಿ ಎಲ್ಲರೂ ಅವರನ್ನು ಅಟೆಂಡರು ಎಂದೇ ಕರೆಯುತ್ತಿದ್ದರು. ರಾಜಾಜಿನಗರದ ಕಡೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ನಿವೃತ್ತರಾದ ಮೇಲೆ ಕೆಂಗೇರಿಯಾಚೆಯ ನಮ್ಮ ಬಡಾವಣೆಯಲ್ಲಿ ಪುಟ್ಟದೊಂದು ಮನೆ ಕಟ್ಟಿಕೊಂಡಿದ್ದರು. ಪಕ್ಕದ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಇಂದಿಗೂ ಅಲ್ಲೇ ಇದ್ದೇನೆ. ನನ್ನದು ಬಸವೇಶ್ವರನಗರದಲ್ಲಿ ಕನ್ನಡಕದ ಅಂಗಡಿ. ಊರವರ ಕಣ್ಣಿನ ದೋಷ ತಿದ್ದುವ ಕಸುಬು ಎಂದು ಬೋರ್ಡಿನಲ್ಲಿ ಬರೆಸಿದ್ದೇನೆ. ಹೇಳಿಕೊಳ್ಳಲು ಏನು ಕಡಿಮೆ!

ನಮ್ಮ ಕೊನೆಯ ಕ್ರಾಸ್ ದಾಟಿದರೆ ಆಗ ಬರೀ ಹುಲ್ಲು. ಬಡಾವಣೆ ಮಾಡುತ್ತೇವೆಂದು ರಸ್ತೆ ಎಳೆದು, ಸೈಟಿಗೆ ಕಲ್ಲು ನೆಟ್ಟು, ಆಮೇಲೆ ಯಾವುದೋ ವ್ಯಾಜ್ಯಕ್ಕೆ ಸಿಕ್ಕಿ ಹಾಗೇ ಬಿಟ್ಟ ಜಾಗ. ಸೊಂಟದವರೆಗೆ ಹುಲ್ಲು ಬೆಳೆದಿತ್ತು. ಸಾಲಾಗಿ ಕರೆಂಟು ಕಂಬಗಳಿದ್ದವು, ಅವುಗಳಲ್ಲಿ ಕರೆಂಟಿರಲಿಲ್ಲ. ನಡುವೆ ಒಂದು ದೊಡ್ಡ ಜಾಲಿ ಮರ. ಆ ಮರದಲ್ಲಿ ಒಂದು ಜೋಡಿ ರಾಮದಾಸ ಹದ್ದು ಗೂಡು ಕಟ್ಟಿತ್ತು. ಹದ್ದು ಎಂದು ಹೆಸರು ಅಷ್ಟೇ. ಗಾತ್ರದಲ್ಲಿ ಕಾಗೆಯಷ್ಟೂ ಇಲ್ಲ. ಹೊಟ್ಟೆ ಬೆಳ್ಳಗೆ, ಬೆನ್ನು ಬೂದಿ, ಹೆಗಲ ಮೇಲೆ ಕಪ್ಪು ಪಟ್ಟೆ. ಕಣ್ಣು ಮಾತ್ರ ಕೆಂಪು ಕೆಂಪು.

ಅದರ ದಿನಚರಿಯೆಲ್ಲ ಅಟೆಂಡರಿಗೆ ಬಾಯಿಪಾಠ. ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ಸರದಿ ಬೇಟೆ, ಸಂಜೆ ಹೊತ್ತು ಇಳಿಯುವಾಗ ಇನ್ನೊಂದು. ಮಿಕ್ಕ ಹೊತ್ತು ಕಂಬದ ತುದಿಯಲ್ಲಿ ಕೂತು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಬೇಟೆಗೆ ಎದ್ದರೆ ಹುಲ್ಲಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ, ಕಾಲು ಜೋತುಬಿಟ್ಟು ನಿಂತುಬಿಡುತ್ತದೆ. ಇಲಿ ಕಂಡರೆ ರಪ್ಪನೆ ಬೀಳುವುದಿಲ್ಲ. ರೆಕ್ಕೆ ಎರಡನ್ನೂ ಮೇಲಕ್ಕೆತ್ತಿ ಒಂದಿಷ್ಟು ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ಒಂದಿಷ್ಟು ಇಳಿಯುತ್ತದೆ. ಗೂಡಿನಲ್ಲಿ ಮೊಟ್ಟೆ ಇರುವ ದಿನಗಳಲ್ಲಿ ಗಂಡು ಇಲಿ ಹಿಡಿದು ತಂದು ಸಣ್ಣಗೆ ಸಿಳ್ಳೆ ಹಾಕುತ್ತದೆ. ಹೆಣ್ಣು ಎದ್ದು ಬಂದು, ಹಾರುತ್ತಲೇ ಅದರ ಕಾಲಿನಿಂದ ತನ್ನ ಕಾಲಿಗೆ ಊಟ ಇಸಿದುಕೊಳ್ಳುತ್ತದೆ. "ನೋಡಿದ್ಯಾ? ಒಂದು ಸಲಾನೂ ಕೆಳಗೆ ಬೀಳಿಸಿಲ್ಲ. ನಾನು ಮನೇಲಿ ದಿನಾ ಒಂದು ಲೋಟ ಬೀಳಿಸ್ತೀನಿ" ಎನ್ನುತ್ತಿದ್ದರು ಅಟೆಂಡರು.

ಆದರೆ ಅವರಿಗೆ ಹಕ್ಕಿಗಿಂತ ಹೆಚ್ಚು ಬೇಕಾದದ್ದು ಹಕ್ಕಿ ಉಗುಳಿದ ಉಂಡೆ. ಈ ಹದ್ದು ಇಲಿಯ ಕೂದಲನ್ನೂ ಮೂಳೆಯನ್ನೂ ಸೇರಿಸಿಯೇ ನುಂಗುತ್ತದೆ. ಅರಗದೆ ಉಳಿದದ್ದನ್ನೆಲ್ಲ ಹೊಟ್ಟೆಯಲ್ಲಿ ಉಂಡೆ ಮಾಡಿ ಮರುದಿನ ಬಾಯಿಂದ ಹೊರಗೆ ಹಾಕುತ್ತದೆ. ಅಟೆಂಡರು ದಿನಾ ಬೆಳಿಗ್ಗೆ ಕಂಬಗಳ ಬುಡದಲ್ಲಿ ಅವನ್ನು ಹೆಕ್ಕಿ ಮಾತ್ರೆ ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತಿದ್ದರು. ಜಗಲಿಯ ಮೇಲೆ ತಟ್ಟೆಯಲ್ಲಿ ನೆನೆಸಿಟ್ಟು, ಸೂಜಿ ಮತ್ತು ಚಿಮಟದಿಂದ ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಹೊಲದಿಲಿಯ ದವಡೆ, ಸೊಂಡಿಲಿಯ ಹಲ್ಲು, ಮಿಡತೆಯ ಕಾಲು, ಒಮ್ಮೊಮ್ಮೆ ಓತಿಕ್ಯಾತದ ಮೂಳೆ. ಒಂದೊಂದನ್ನೂ ಒಣಗಿಸಿ, ಕಾಗದಕ್ಕೆ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡುವರು. ಯಾರಿಗೂ ತೋರಿಸಲಿಕ್ಕಲ್ಲ. ಮೂವತ್ತು ವರ್ಷ ಮೇಷ್ಟ್ರುಗಳ ಪಾಠಕ್ಕೆ ತಟ್ಟೆ ತೊಳೆದು ಕೊಟ್ಟ ಮನುಷ್ಯ ಮೊದಲ ಸಲ ತನಗಾಗಿ ಮಾಡಿಕೊಂಡ ಕೆಲಸ ಅದು.

"ಹಕ್ಕಿ ಏನು ತಿಂತು ಅಂತ ಯಾರನ್ನೂ ಕೇಳಬೇಕಾಗಿಲ್ಲ ಕಣಪ್ಪ. ಅದೇ ಬರೆದು ಕೆಳಗೆ ಹಾಕಿರುತ್ತೆ" ಎಂದು ಒಂದು ದಿನ ನನಗೂ ಸೂಜಿ ಕೊಟ್ಟು ಕೂರಿಸಿಕೊಂಡರು. ನಾನು ಮೂಗು ಮುಚ್ಚಿಕೊಂಡು ಕೂತೆ. ಮನಸ್ಸಿನಲ್ಲಿ ನಕ್ಕಿದ್ದೆ ಕೂಡ. ಹಕ್ಕಿಯ ವಾಂತಿ ಕೆದಕುವ ಮುದುಕ ಎಂದು ಅವರ ಬಗ್ಗೆ ಗೆಳೆಯರ ಹತ್ತಿರ ಹೇಳಿ ನಗಿಸಿದ್ದೂ ಉಂಟು.

ಗೆಳೆಯರು ಎಂದರೆ ಕ್ಯಾಮೆರಾದವರು. ಆ ವರ್ಷ ನನಗೆ ಆ ಹುಚ್ಚು ಹತ್ತಿತ್ತು. ನಮ್ಮದೊಂದು ವಾಟ್ಸಾಪ್ ಗುಂಪು. ಬೆಳಿಗ್ಗೆ ಗುಡ್ ಮಾರ್ನಿಂಗ್, ಮಧ್ಯಾಹ್ನ ಲೆನ್ಸಿನ ಬಗ್ಗೆ ಜಗಳ, ಸಂಜೆ ಪರಿಸರದ ಬಗ್ಗೆ ಕಣ್ಣೀರು. ಮೊಳಕೈ ಉದ್ದದ ಲೆನ್ಸು ಹೊತ್ತು, ಮಿಲಿಟರಿ ಬಣ್ಣದ ಬಟ್ಟೆ ತೊಟ್ಟು, ಹುಲ್ಲಿನ ನಡುವೆ ಕಾರು ನುಗ್ಗಿಸಿ, ಇಂಜಿನ್ ಆರಿಸದೆ ಎ.ಸಿ. ಹಾಕಿಕೊಂಡು ಪ್ರಕೃತಿ ಪ್ರೇಮ ಮಾಡುವ ಜನ. ಗುಂಪಿನ ಅರ್ಧ ಮಂದಿಗೆ ಹದ್ದಿಗೂ ಗಿಡುಗಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಶಟರ್ ಸ್ಪೀಡು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಅವರನ್ನು ಬೈಯುವಾಗ ನನ್ನನ್ನು ಬಿಟ್ಟು ಬೈಯುತ್ತಿಲ್ಲ. ನಾನು ಅವರಲ್ಲೇ ಕೀಳು. ಅವರಿಗೆ ಆ ಹಕ್ಕಿಯ ಬದುಕು ಗೊತ್ತಿರಲಿಲ್ಲ. ನನಗೆ ಪಕ್ಕದ ಮನೆಯ ಜಗಲಿಯ ಮೇಲೆ ಕೂರಿಸಿ ಹೇಳಿಕೊಟ್ಟಿದ್ದರು.

ಒಂದು ಫೋಟೋ ಸ್ಪರ್ಧೆ ಬಂತು. ಹದ್ದು ಇಲಿ ಹಿಡಿದು ಏಳುವ ಕ್ಷಣ ನನಗೆ ಬೇಕಿತ್ತು. ಹದಿನೈದು ದಿನ ಕಾದೆ. ಹಕ್ಕಿ ಯಾವಾಗಲೂ ದೂರದಲ್ಲೇ ಹಿಡಿಯುತ್ತಿತ್ತು, ಇಲ್ಲವೇ ಬೆನ್ನು ತಿರುಗಿಸಿ ಹಿಡಿಯುತ್ತಿತ್ತು. ಗುಂಪಿನಲ್ಲಿ ಒಬ್ಬ ಗುಟ್ಟು ಹೇಳಿಕೊಟ್ಟ. ವಿಜಯನಗರಕ್ಕೆ ಹೋಗಿ ನಾಲ್ಕು ಬಿಳಿ ಇಲಿ ತಂದೆ. ಅಷ್ಟು ಹೊತ್ತಿಗೆ ಗೂಡಿನಿಂದ ಒಂದು ಮರಿ ಹೊರಗೆ ಬಂದಿತ್ತು. ಮೈಯೆಲ್ಲ ಕಂದು ಛಾಯೆ, ಹಾರಾಟ ಇನ್ನೂ ಹದಕ್ಕೆ ಬಂದಿಲ್ಲ. ಕಂಬದ ಮೇಲೆ ಕೂತು ಅಪ್ಪ ಅಮ್ಮನನ್ನು ಕೂಗಿ ಕೂಗಿ ಕಾಡುತ್ತಿತ್ತು. ಅಟೆಂಡರು ವಾಕಿಂಗ್ ಮುಗಿಸಿ ಮನೆಗೆ ಹೋದ ಮೇಲೆ ನಾನು ಹುಲ್ಲು ಕುರುಚಲಾಗಿದ್ದ ಕಡೆ ಇಲಿ ಬಿಡುತ್ತಿದ್ದೆ. ಹಸುರಿನ ಮೇಲೆ ಬಿಳಿ ಇಲಿ, ಕುರುಡನಿಗೂ ಕಾಣುವಂತಿತ್ತು. ಮರಿ ಬಂದು ಎತ್ತಿಕೊಂಡಿತು. ಫೋಟೋ ಮಾತ್ರ ಬರಲಿಲ್ಲ. ನಾನು ಫೋಕಸ್ ಮಾಡುವಷ್ಟರಲ್ಲಿ ಇಲಿ ಬೇರೆಲ್ಲೋ ಓಡಿ, ಮರಿ ಅದನ್ನು ಅಲ್ಲೇ ಹಿಡಿದಿರುತ್ತಿತ್ತು.

ನಾಲ್ಕನೆಯ ದಿನ ಅಂಗಡಿಗೆ ಹೊರಟವನನ್ನು ಅಟೆಂಡರು ಕೈಬೀಸಿ ಕರೆದರು. ತಟ್ಟೆಯಲ್ಲಿ ಬಿಡಿಸಿದ ಉಂಡೆ ಇತ್ತು. ಅದರಲ್ಲಿ ಬಿಳಿ ಕೂದಲು.

"ಇದು ಹೊಲದ್ದಲ್ಲ ಕಣಪ್ಪ. ಮೂವತ್ತು ವರ್ಷ ಇವಕ್ಕೆ ನಾನೇ ಕಾಳು ಹಾಕಿದೀನಿ, ನಂಗೆ ಗೊತ್ತಾಗಲ್ವಾ? ಯಾರೋ ಅಂಗಡಿಯಿಂದ ತಂದು ಬಿಡ್ತಾ ಇದಾರೆ."

ಚಿಮಟದಿಂದ ಆ ಕೂದಲನ್ನು ಎತ್ತಿ ನನ್ನ ಮುಂದೆ ಹಿಡಿದರು.

"ಮರಿ ಈಗ ಬೇಟೆ ಕಲೀಬೇಕು. ಈ ಹದಿನೈದು ದಿನ ಕಲೀದಿದ್ರೆ ಆಮೇಲೆ ಉಪವಾಸಾನೇ. ಮನುಷ್ಯ ನಿಂತ ಕಡೆಯೆಲ್ಲ ಊಟ ಇದೆ ಅಂತ ಇಳಿದರೆ ಅದು ಉಳಿಯುತ್ತಾ? ಯಾರಿರಬಹುದು? ನೀನೇನಾದ್ರೂ ನೋಡಿದ್ಯಾ?"

ಆಗ ಹೇಳಬಹುದಿತ್ತು. ಬೈಯುತ್ತಿದ್ದರು, ನಾಲ್ಕು ದಿನ ಮಾತು ಬಿಡುತ್ತಿದ್ದರು, ಅಷ್ಟೇ. "ಭಾನುವಾರ ಕಾರಲ್ಲಿ ಬರ್ತಾರಲ್ಲ ಸಾರ್, ಅವರೇ ಇರಬೇಕು" ಎಂದೆ. ಮಾತು ಎಷ್ಟು ನಯವಾಗಿ ಬಂತೆಂದರೆ ನನಗೇ ನಂಬಿಕೆ ಬಂದುಬಿಟ್ಟಿತು.

ಇನ್ನು ಇಲಿ ಬಿಡುವುದಿಲ್ಲ ಎಂದು ಅಂದು ರಾತ್ರಿ ನಿಶ್ಚಯಿಸಿದೆ. ಮರುದಿನ ಗುಂಪಿನಲ್ಲಿ ಇನ್ನೊಬ್ಬ ಹಾಕಿದ ಫೋಟೋ ನೋಡಿ ಹೊಟ್ಟೆ ಉರಿಯಿತು. ಸ್ಪರ್ಧೆಯ ಕೊನೆಯ ದಿನ ಹತ್ತಿರ ಬಂದಿತ್ತು. ಒಂದೇ ಒಂದು ಸಲ ಎಂದುಕೊಂಡೆ. ಈ ಸಲ ಇಲಿ ಓಡಬಾರದೆಂದು ಅದರ ಹಿಂಗಾಲಿಗೆ ದಾರ ಕಟ್ಟಿ, ನೆಲಕ್ಕೆ ಹೊಡೆದ ಒಂದು ಮೊಳೆಗೆ ಬಿಗಿದೆ. ದಾರ ನನ್ನ ಅಂಗಡಿಯದೇ. ಅರ್ಧ ಫ್ರೇಮಿನ ಕನ್ನಡಕಗಳಲ್ಲಿ ಗಾಜು ಬೀಳದಂತೆ ಕೆಳಗಿನಿಂದ ಹಿಡಿದುಕೊಳ್ಳುವ ನೈಲಾನ್ ದಾರ. ತೆಳ್ಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಹರಿಯುವುದೂ ಇಲ್ಲ. ಮರಿ ಇಳಿಯಿತು, ಹಿಡಿಯಿತು, ಎಳೆಯಿತು, ದಾರ ಕಾಲಿಗೆ ಸುತ್ತಿಕೊಂಡಿತು, ಮೊಳೆ ಮಣ್ಣಿನಿಂದ ಕಿತ್ತು ಬಂತು. ಇಲಿಯ ಜೊತೆ ದಾರ, ದಾರದ ತುದಿಗೆ ಮೊಳೆ, ಎಲ್ಲ ತೂಗಾಡಿಸಿಕೊಂಡು ಜಾಲಿ ಮರದ ಕಡೆ ಹೋಯಿತು. ನನ್ನ ಬೆರಳು ಶಟರ್ ಬಿಟ್ಟಿರಲಿಲ್ಲ. ಹನ್ನೆರಡು ಫೋಟೋ, ಒಂದಕ್ಕಿಂತ ಒಂದು ಚೆನ್ನ. ದಾರ ಎಲ್ಲೋ ಕಳಚಿ ಬೀಳುತ್ತೆ ಬಿಡು ಎಂದುಕೊಂಡು ಮನೆಗೆ ಬಂದೆ. ಕಂಪ್ಯೂಟರಿನಲ್ಲಿ ದಾರ ಅಳಿಸಿದೆ, ಬಿಳಿ ಇಲಿಗೆ ಕಂದು ಬಣ್ಣ ಹಚ್ಚಿದೆ. ಕೆಳಗೆ 'ಸಹಜ ಬೇಟೆ' ಎಂದು ಬರೆದು ಕಳಿಸಿದೆ.

ಮೂರನೆಯ ದಿನ ಅಟೆಂಡರು ನಮ್ಮ ಮೆಟ್ಟಿಲ ಕೆಳಗೆ ನಿಂತು ಕೂಗಿದರು. ಅವರು ಹಾಗೆ ಕೂಗಿದ್ದೇ ಇಲ್ಲ. ತೆಂಗಿನಕಾಯಿ ಕೀಳುವ ಗಳ ಹೊತ್ತು ಇಬ್ಬರೂ ಹೋದೆವು. ಮರಿ ಜಾಲಿ ಮುಳ್ಳಿನಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಸತ್ತು ಒಂದು ದಿನವಾದರೂ ಆಗಿರಬೇಕು. ದಾರ ಕೊಂಬೆಗೆ ಸುತ್ತಿಕೊಂಡಿತ್ತು. ದೊಡ್ಡ ಹಕ್ಕಿ ಒಂದು ಹತ್ತಿರದ ಕಂಬದ ಮೇಲೆ ಇಲಿ ಹಿಡಿದುಕೊಂಡು ಕೂತು ಸಿಳ್ಳೆ ಹಾಕುತ್ತಲೇ ಇತ್ತು… ಮರಿಗೆ ಊಟ ತಂದಿತ್ತು.

ಅಟೆಂಡರು ಪೇಪರಿನ ಮೇಲೆ ಮರಿಯನ್ನು ಮಲಗಿಸಿ, ಕಾಲಿನಿಂದ ದಾರ ಬಿಡಿಸಿ, ಬೆಳಕಿಗೆ ಹಿಡಿದರು. "ಗಾಳದ ದಾರ ಅಲ್ಲ ಇದು. ಗಾಳಿಪಟದ್ದೂ ಅಲ್ಲ. ಏನಿದು?" ಎಂದರು. ಅದೇ ದಾರ ಅವರ ಮೂಗಿನ ಮೇಲೆ ಎರಡು ಗಾಜನ್ನು ಹಿಡಿದುಕೊಂಡಿತ್ತು. ಕನ್ನಡಕ ನಾನೇ ಮಾಡಿಕೊಟ್ಟದ್ದು. ಗಾಜಿನಾಚೆ ನೋಡುವವರಿಗೆ ಗಾಜನ್ನು ಹಿಡಿದದ್ದು ಯಾವುದೆಂದು ತಿಳಿಯದು. ಅವರು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ನನ್ನ ಮುಖ ನೋಡಿದರು. ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದೆ.

ಭಾನುವಾರ ಬೆಳಿಗ್ಗೆ ಆ ಕಾರು ಬಂತು. ಅಟೆಂಡರು ಮೊದಲೇ ಹೋಗಿ ಸೈಟಿನ ಕಲ್ಲಿನ ಪಕ್ಕ ಕಾದು ನಿಂತಿದ್ದರು. ಬೇಡ ಸಾರ್ ಎಂದು ನಾನು ಹಿಂದಿನಿಂದ ಎರಡು ಸಲ ಅಂದೆ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಕಾರಿನಿಂದ ನಾಲ್ವರು ಇಳಿದರು. ಅಟೆಂಡರು ಪೊಟ್ಟಣ ಬಿಚ್ಚಿ ಆ ದಾರ ತೋರಿಸಿ, "ಇದನ್ನ ಯಾರು ಕಟ್ಟಿದ್ದು ಹೇಳಿ" ಎಂದರು.

ಅವರಿಗೆ ಏನೂ ಅರ್ಥವಾಗಲಿಲ್ಲ. ಹೇಗೆ ಆದೀತು? ಅವರು ಮಾಡದ ಕೆಲಸ. ಒಬ್ಬ ನಕ್ಕು, "ಏನ್ ಅಂಕಲ್, ಬೆಳಬೆಳಗ್ಗೇನೇ? ಹಕ್ಕಿ ನಿಮ್ಮ ಹೆಸರಿಗೆ ರಿಜಿಸ್ಟರ್ ಆಗಿದ್ಯಾ?" ಎಂದ. ಉಳಿದವರೂ ನಕ್ಕರು. ಅಟೆಂಡರು ಅವರ ಬ್ಯಾಗಿಗೆ ಕೈ ಹಾಕಿದರು, ಇಲಿ ಇದೆಯೇ ನೋಡುತ್ತೇನೆಂದು. "ಲೆನ್ಸ್ ಇದೆ ಗುರು ಅದ್ರಲ್ಲಿ, ಕೈ ತೆಗಿಸೋ!" ಎಂದು ಇನ್ನೊಬ್ಬ ಅರಚಿದ. ಯಾರೋ ತಳ್ಳಿದರು. ಅಟೆಂಡರು ಸೈಟಿನ ಕಲ್ಲಿನ ಮೇಲೆ ಬಲಗೈ ಊರಿಕೊಂಡು ಬಿದ್ದರು. ಮಣಿಕಟ್ಟು ಮುರಿದ ಸದ್ದು ಹತ್ತು ಹೆಜ್ಜೆ ದೂರ ನಿಂತಿದ್ದ ನನಗೆ ಕೇಳಿಸಿತು.

ಹತ್ತು ಹೆಜ್ಜೆ. ನಾನು ಅಷ್ಟು ದೂರದಲ್ಲೇ ನಿಂತಿದ್ದೆ. ಆ ನಾಲ್ವರಲ್ಲಿ ಇಬ್ಬರು ನನ್ನ ವಾಟ್ಸಾಪ್ ಗುಂಪಿನವರು, ನನ್ನ ಗುರುತು ಹಿಡಿದುಬಿಟ್ಟಾರೆಂದು ಟೋಪಿ ಕೆಳಗೆ ಎಳೆದುಕೊಂಡಿದ್ದೆ.

ಅವರು ಬಿದ್ದ ಮೇಲೆ ಓಡಿ ಬಂದೆ. ಆಟೋ ಹಿಡಿದು ಮೈಸೂರು ರಸ್ತೆಯ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ, ಎಕ್ಸ್‌ರೇ ತೆಗೆಸಿದೆ, ಬ್ಯಾಂಡೇಜ್ ಹಾಕಿಸಿದೆ, ಕಾಫಿ ತಂದುಕೊಟ್ಟೆ. ತಪ್ಪು ಮಾಡಿದವನಿಗೆ ಸೇವೆ ಮಾಡುವುದರಲ್ಲಿ ಎಂಥ ಉತ್ಸಾಹ ಇರುತ್ತದೆಂದು ನನಗೆ ಆಗ ಗೊತ್ತಾಯಿತು. ಅವರ ಹೆಂಡತಿ ಗಾಬರಿಯಾಗಿ ಬಂದಾಗ, ನೋವಿನಲ್ಲೂ ಅಟೆಂಡರು ಎಡಗೈಯಿಂದ ನನ್ನ ಭುಜ ಹಿಡಿದು ಹೇಳಿದರು: "ನೋಡು, ಆ ಕ್ಯಾಮೆರಾ ಜನರಲ್ಲೆಲ್ಲ ಮನುಷ್ಯ ಅಂತ ಇರೋನು ಇವನೊಬ್ಬನೇ."

ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಹೆಬ್ಬೆರಳಿಗೂ ತೋರುಬೆರಳಿಗೂ ಹಿಡಿತ ಬರಲಿಲ್ಲ. ಚಿಮಟ ಹಿಡಿದರೆ ಕೈ ನಡುಗಿ ಇಲಿಯ ಹಲ್ಲು ತಟ್ಟೆಯಿಂದ ಹಾರಿ ಜಗಲಿಯ ಬಿರುಕಿಗೆ ಬೀಳುತ್ತಿತ್ತು. ಒಂದು ದಿನ ಅರ್ಧ ಗಂಟೆ ಮಂಡಿಯೂರಿ ಅದನ್ನು ಹುಡುಕಿದರು. ಸಿಗಲಿಲ್ಲ. ಮಾರನೆಯ ದಿನದಿಂದ ಉಂಡೆ ಹೆಕ್ಕಲು ಹೋಗಲಿಲ್ಲ. ಹೆಂಡತಿ ಆ ತಟ್ಟೆಯನ್ನು ಚೆನ್ನಾಗಿ ಉಜ್ಜಿ ತೊಳೆದು ಗಿಡದ ಕುಂಡದ ಕೆಳಗೆ ಇಟ್ಟುಬಿಟ್ಟರು.

ನನ್ನ ಫೋಟೋಗೆ ಎರಡನೆಯ ಬಹುಮಾನ ಬಂತು. ತೀರ್ಪುಗಾರರು ತಾಳ್ಮೆಯ ಫಲ ಎಂದು ಹೊಗಳಿದ್ದರು. ಎಂಥಾ ಕಣ್ಣುಗಳಪ್ಪ! ಬಹುಮಾನದ ವಿಷಯ ಅಟೆಂಡರಿಗೆ ಹೇಳಲಿಲ್ಲ. ಕೆಲವು ತಿಂಗಳಲ್ಲಿ ಕ್ಯಾಮೆರಾ ಮಾರಿದೆ. ಅದನ್ನು ಮಾತ್ರ ಅವರಿಗೆ ಹೇಳಿದೆ. "ನನ್ನ ನೋವು ನೋಡಲಾರದೆ ಮಾರಿದ" ಎಂದು ಅವರು ಬಂದವರಿಗೆಲ್ಲ ಹೇಳಿಕೊಂಡು ಬಂದರು.

ಆಮೇಲಿನ ಮೂರು ವರ್ಷ, ಅಂಗಡಿ ಮುಚ್ಚಿ ಬಂದ ಮೇಲೆ ಹೆಚ್ಚು ಕಡಿಮೆ ದಿನಾ ಅವರ ಜಗಲಿಯ ಮೇಲೆ ಕೂತಿದ್ದೇನೆ. ಪೇಪರ್ ಓದಿ ಹೇಳುತ್ತಿದ್ದೆ, ಬ್ಯಾಂಕಿನ ಚಲನ್ ಬರೆದುಕೊಡುತ್ತಿದ್ದೆ, ಔಷಧಿ ತರುತ್ತಿದ್ದೆ. ಪ್ರತಿ ಸಂಜೆ ಇವತ್ತು ಹೇಳಿಬಿಡೋಣ ಎಂದು ಗೇಟು ತೆಗೆಯುತ್ತಿದ್ದೆ. ಅವರು "ಬಾಪ್ಪ" ಎನ್ನುವಷ್ಟರಲ್ಲಿ ಧೈರ್ಯ ಉಡುಗುತ್ತಿತ್ತು. ಆ ಬಾಪ್ಪ ನನಗೆ ರುಚಿ ಹತ್ತಿತ್ತು, ನಿಜ ಹೇಳಬೇಕೆಂದರೆ. ಬೇರೆ ಯಾರೂ ನನ್ನನ್ನು ಅಷ್ಟು ಒಳ್ಳೆಯವನೆಂದು ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅವರನ್ನು ಹೊರುವುದಕ್ಕೂ ನಾನು ಹೆಗಲು ಕೊಟ್ಟೆ. ಮುಂದಿನ ಸಾಲಿನಲ್ಲೇ.

ಅವರು ಹೋಗಿ ಈಗ ಮೂರು ವರ್ಷ ದಾಟಿತು. ಹುಲ್ಲಿನ ಜಾಗದ ವ್ಯಾಜ್ಯ ಮುಗಿದು ಮನೆಗಳು ಎದ್ದಿವೆ. ಬಾಲ್ಕನಿಗಳಿಗೆಲ್ಲ ಪಾರಿವಾಳದ ಬಲೆ. ಅಟೆಂಡರ ಹೆಂಡತಿ ಒಬ್ಬರೇ ಆ ಮನೆಯಲ್ಲಿದ್ದಾರೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಮೊದಲು ಬರುವುದು ನಮ್ಮ ಮನೆಗೆ. ಕೊಡುವಾಗ ನನ್ನ ಹೆಂಡತಿಯ ಹತ್ತಿರ ಪ್ರತಿ ವರ್ಷ ಅದೇ ಮಾತು: "ನಿಮ್ಮನೆಯವರು ಇಲ್ದಿದ್ರೆ ಅವರ ಕೊನೇ ದಿನಗಳು ಹೇಗಿರ್ತಿತ್ತೋ." ನನ್ನ ಹೆಂಡತಿ ಹೆಮ್ಮೆಯಿಂದ ನನ್ನ ಕಡೆ ನೋಡುತ್ತಾಳೆ. ನಾನು ಎಳ್ಳು ಬಾಯಿಗೆ ಹಾಕಿಕೊಳ್ಳುತ್ತೇನೆ.

ಕಳೆದ ವಾರ ಆ ಅಂಗಡಿಯಿಂದ ಬಂದವನು ಇನ್ನು ತಡೆಯಲಾರೆ ಅನ್ನಿಸಿ ಮರುದಿನ ಸಂಜೆ ಅವರ ಮನೆಗೆ ಹೋದೆ. ಆಕೆ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಬಿಳಿ ಇಲಿ, ದಾರ, ಕಾರಿನವರ ಮೇಲೆ ಹೊರಿಸಿದ್ದು, ಹತ್ತು ಹೆಜ್ಜೆ ದೂರ ನಿಂತದ್ದು, ಬಹುಮಾನ. ಹೇಳಿ ಮುಗಿದಾಗ ಮೈ ಹಗುರವಾದದ್ದೂ ನಿಜ. ನಾಚಿಕೆಗೆಟ್ಟ ಮೈ.

ನಾನು ಹೇಳುವಷ್ಟು ಹೊತ್ತೂ ಆಕೆಯ ಕೈ ತನ್ನ ಪಾಡಿಗೆ ಕಾಳು ಹಿಸುಕುತ್ತಿತ್ತು. ಕೊನೆಗೆ ಕೈ ನಿಲ್ಲಿಸಿ, "ಅವರಿಗೆ ಹೇಳೋಕೆ ಮೂರು ವರ್ಷ ಇತ್ತಲ್ಲಪ್ಪ" ಎಂದರು.

"ಧೈರ್ಯ ಬರಲಿಲ್ಲ ಅಮ್ಮಾ."

"ಹ್ಞೂಂ." ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿದರು. "ಕೈ ಹೋಯ್ತು, ಆ ಕೆಲಸ ಹೋಯ್ತು. ಆದ್ರೂ ಅವರಿಗೆ ಒಬ್ಬ ಸ್ನೇಹಿತ ಸಿಕ್ಕಿದ್ದ, ಆ ಸಂತೋಷದಲ್ಲಿ ಕಣ್ಣು ಮುಚ್ಚಿದ್ರು ಅಂತ ನಾನು ಸಮಾಧಾನ ಮಾಡ್ಕೊಂಡಿದ್ದೆ. ಒಬ್ಬಳೇ ಕೂತಾಗ ನಂಗೆ ಇದ್ದಿದ್ದು ಅದೊಂದೇ. ಅದನ್ನೂ ಇವತ್ತು ತಗೊಂಡ್ಹೋಗೋಕೆ ಬಂದ್ಯಾ?"

ನಾನು ಏಳುವ ಮುಂಚೆಯೇ ಅವರು ಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು, ಒಳಗಿನಿಂದ ಚಿಲಕ ಬಿತ್ತು.